ಅಡಿಕೆಯ ನಾಡೂ ಬಾಯಿಯ ಅರ್ಬುದವೂ

ಚಿತ್ರದುರ್ಗದ ಕಲ್ಲುಬೆಟ್ಟಗಳನ್ನು ಹಿಂದೆ ಬಿಟ್ಟು ಪಡುವಣ ದಿಕ್ಕಿಗೆ ಪಯಣ ಮಾಡುವವರಿಗೆ ನೆಲದ ಸ್ವರೂಪವು ಕ್ರಮಕ್ರಮವಾಗಿ ಬದಲಾಗುವುದು ಕಂಡುಬರುತ್ತದೆ. ಬಂಡೆಗಳೂ ಕುರುಚಲು ಕಾಡೂ ಹಿಂದಾಗಿ, ಭೀಮಸಮುದ್ರದ ಕೆರೆಯ ಆಸುಪಾಸಿನಲ್ಲಿ ಅಡಿಕೆಯ ತೋಟಗಳು ಕಣ್ಣಿಗೆ ಬೀಳುತ್ತವೆ. ಹೊಳಲ್ಕೆರೆ, ಹೊಸದುರ್ಗದ ಸೀಮೆಗಳಲ್ಲಿ ತೆಂಗಿನೊಡನೆ ಅಡಿಕೆಯೂ ಬೆಳೆಯುತ್ತದೆ. ಹಿರಿಯೂರಿನ ಸಮೀಪದಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದವರು ಕಟ್ಟಿಸಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರದ ನೀರು ಅಲ್ಲಿಯ ತೋಟಗಳಿಗೆ ಜೀವಾಧಾರವಾಗಿದೆ. ಈ ಸೀಮೆಯ ಅನೇಕ ಮನೆಗಳಲ್ಲಿ ಮಕ್ಕಳ ವಿದ್ಯಾಭ್ಯಾಸವೂ ಹೆಣ್ಣುಮಕ್ಕಳ ಮದುವೆಯೂ ಆ ವರ್ಷದ ಅಡಿಕೆಯ ಧಾರಣೆಯನ್ನು ನೋಡಿಕೊಂಡು ನಿಶ್ಚಯವಾಗುತ್ತವೆ. ಆದುದರಿಂದ ಅಡಿಕೆಯ ವಿಷಯದಲ್ಲಿ ಲಘುವಾಗಿ ಮಾತನಾಡುವ ಹಕ್ಕು ಯಾರಿಗೂ ಇಲ್ಲವೆಂಬುದನ್ನು ನಾವು ಮೊದಲೇ ಒಪ್ಪಿಕೊಳ್ಳುತ್ತೇವೆ.

ಆದರೂ ಈ ದಿನ ನಾವು ಪ್ರಸ್ತಾಪಿಸಬೇಕೆಂದಿರುವುದು ಅಡಿಕೆಯ ಇನ್ನೊಂದು ಮುಖವನ್ನು. ಜನರು ಕ್ಯಾನ್ಸರ್ ಎಂದೂ ವೈದ್ಯಗ್ರಂಥಗಳು ಅರ್ಬುದವೆಂದೂ ಕರೆಯುವ ರೋಗವು ಬಾಯಿಯಲ್ಲಿ ಕಾಣಿಸಿಕೊಳ್ಳುವುದು ನಮ್ಮ ದೇಶದಲ್ಲಿ ಅಸಾಧಾರಣವಾಗಿ ಹೆಚ್ಚು. ಅಂತಾರಾಷ್ಟ್ರೀಯ ಸಂಸ್ಥೆಗಳ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಹೊಸ ರೋಗಿಗಳು ಸುಮಾರು 1 ಲಕ್ಷ 43 ಸಾವಿರ. ಇದು ಜಗತ್ತಿನ ಒಟ್ಟು ಸಂಖ್ಯೆಯಲ್ಲಿ ಮೂರರಲ್ಲೊಂದು ಪಾಲಿಗಿಂತಲೂ ಅಧಿಕ. ಈ ರೋಗದ ಕಾರಣವು ಹೇಗೆ ತಿಳಿಯಿತು, ಚಿಕಿತ್ಸೆಯು ಎಲ್ಲಿಯವರೆಗೆ ಬಂದಿದೆ, ಬಂದುದು ನಮ್ಮ ಹಳ್ಳಿಗಳನ್ನು ಮುಟ್ಟಿದೆಯೆ ಎಂಬ ಮೂರು ಪ್ರಶ್ನೆಗಳನ್ನು ಚರಿತ್ರೆಯ ದೃಷ್ಟಿಯಿಂದ ವಿಚಾರಮಾಡೋಣ.

ತಾಂಬೂಲವು ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳನ್ನು ಎಣಿಸುವಾಗ ತಾಂಬೂಲಕ್ಕೂ ಒಂದು ಸ್ಥಾನವನ್ನು ಕೊಟ್ಟಿದ್ದಾನೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ವೀಳ್ಯದೆಲೆಯನ್ನು ಕಂಡು ಬೆರಗಾಗಿ ಅದರ ಗುಣಗಳನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಆದರೆ ಇವರಿಬ್ಬರೂ ಕಂಡ ತಾಂಬೂಲದಲ್ಲಿ ಹೊಗೆಸೊಪ್ಪು ಇರಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಹೊಗೆಸೊಪ್ಪು ಅಮೆರಿಕಾ ಖಂಡದ ಗಿಡ. ಪೋರ್ಚುಗೀಸರ ಮೂಲಕ ಅದು ನಮ್ಮ ಪಶ್ಚಿಮ ತೀರಕ್ಕೆ ಬಂದು, ಅಲ್ಲಿಂದ ಒಳನಾಡಿಗೆ ಹಬ್ಬಿತು.

ಈ ಸಂಬಂಧದಲ್ಲಿ ಕನ್ನಡ ನಾಡಿಗೆ ಸೇರಿದ ಒಂದು ಪ್ರಸಂಗವುಂಟು. ಅಕ್ಬರ್ ಬಾದಶಹನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಹೊಗೆಸೊಪ್ಪನ್ನು ಕಂಡನು. ಅದರ ಹೊಸತನಕ್ಕೆ ಮೆಚ್ಚಿ ರತ್ನಖಚಿತವಾದ ನಳಿಗೆಯೊಡನೆ ಅದನ್ನು ಒಯ್ದು, ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಾದಶಹನಿಗೆ ಕಾಣಿಕೆಯಾಗಿ ಒಪ್ಪಿಸಿದನು. ಆಸ್ಥಾನದ ಹಕೀಮನು ಅದನ್ನು ಒಪ್ಪಲಿಲ್ಲ. ನಮ್ಮ ಗ್ರಂಥಗಳಲ್ಲಿ ಹೇಳದೆ ಇರುವ, ಪರೀಕ್ಷಿಸದೆ ಇರುವ ವಸ್ತುವನ್ನು ಪ್ರಭುಗಳು ಸೇವಿಸಬಾರದೆಂಬುದು ಅವನ ವಾದ. ಅಸದ್ ಬೇಗನಾದರೋ ಹೊಸ ವಸ್ತುವೆಲ್ಲವೂ ಮೊದಲು ಅಪರಿಚಿತವಾಗಿಯೇ ಇರುತ್ತದೆಂದು ಪ್ರತ್ಯುತ್ತರ ಕೊಟ್ಟನು. ಆ ದಿನ ವಾದದಲ್ಲಿ ಯಾರು ಗೆದ್ದರೆಂಬುದು ಮುಖ್ಯವಲ್ಲ. ವೈದ್ಯನು ಕೇಳಿದ ಪರೀಕ್ಷೆಯು ನಡೆಯುವುದಕ್ಕೆ ಮುಂದೆ ಮೂರು ಶತಮಾನಗಳು ಬೇಕಾದವು. ಅಷ್ಟರಲ್ಲಿ ಹೊಗೆಸೊಪ್ಪು ಎಲೆ, ಅಡಿಕೆ, ಸುಣ್ಣಗಳೊಡನೆ ಸೇರಿ ಅಜ್ಜಿಯರ ಸಂಚಿಯನ್ನೂ ಕೂಲಿಯವರ ಸೊಂಟದ ಗಂಟನ್ನೂ ಸೇರಿಬಿಟ್ಟಿತ್ತು.

ಸಂಶಯವು ಮೊದಲು ತಲೆದೋರಿದುದು ಶಸ್ತ್ರವೈದ್ಯರಲ್ಲಿ. 1902ರಲ್ಲಿ ಮದರಾಸಿನ ಶಸ್ತ್ರವೈದ್ಯ ನಿಬ್ಲಾಕರು ಬಾಯಿಯ ಕ್ಯಾನ್ಸರಿಗೂ ತಾಂಬೂಲ ಜಗಿಯುವ ಅಭ್ಯಾಸಕ್ಕೂ ಸಂಬಂಧವನ್ನು ಕಲ್ಪಿಸಿ ಲೇಖನವನ್ನು ಬರೆದರು. 1933ರಲ್ಲಿ ತಿರುವಾಂಕೂರು ಸಂಸ್ಥಾನದ ನೆಯ್ಯೂರಿನ ಮಿಷನ್ ಆಸ್ಪತ್ರೆಯ ಅನುಭವವನ್ನು ಆಧಾರವಾಗಿಟ್ಟುಕೊಂಡು ಆರ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದೇ ವಿಷಯವನ್ನು ಚರ್ಚಿಸಿದರು. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ತೆರೆಯಿತು. ಅಲ್ಲಿಯ ಡಾಕ್ಟರ್ ಖಾನೋಲ್ಕರರು 1944ರಲ್ಲಿ ಒಂದು ಸಾವಿರ ಬಾಯಿಯ ಕ್ಯಾನ್ಸರ್ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಜಗಿತವನ್ನು ಇಟ್ಟುಕೊಳ್ಳುವ ಕೆನ್ನೆಯ ಒಳಮೈಯಲ್ಲಿಯೇ ಹುಣ್ಣು ಹುಟ್ಟುವುದು ವೈದ್ಯರ ಕಣ್ಣಿಗೆ ಮತ್ತೆ ಮತ್ತೆ ಬೀಳುತ್ತಿತ್ತು.

ಆದರೆ ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿ ಊರಿನ ಸ್ಥಿತಿಯನ್ನು ನಿರ್ಣಯಿಸಲಾಗದು. ಜಗಿಯುವವರು ಎಷ್ಟು ಮಂದಿ, ಅವರಲ್ಲಿ ರೋಗ ಬಂದವರೆಷ್ಟು, ಜಗಿಯದವರಲ್ಲಿ ಎಷ್ಟು ಎಂಬ ಲೆಕ್ಕವು ಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತವೈದ್ಯರು 1960ರ ದಶಕದಿಂದ ಹಳ್ಳಿ ಹಳ್ಳಿಗೆ ಹೋಗಿ, ಮನೆಮನೆಯಲ್ಲಿ ಬಾಯಿ ತೆರೆಸಿ ನೋಡಿ, ವರ್ಷಾನುಗಟ್ಟಲೆ ಅದೇ ಜನರನ್ನು ಮರಳಿ ಕಂಡರು. ಕ್ಯಾನ್ಸರು ಇದ್ದಕ್ಕಿದ್ದಂತೆ ಹುಟ್ಟುವುದಿಲ್ಲ. ಬಹುಮಟ್ಟಿಗೆ ಅದಕ್ಕೆ ಮುಂಚೆ ಕೆನ್ನೆಯ ಒಳಗೆ ಬಿಳಿಯ ಅಥವಾ ಕೆಂಪು ಮಚ್ಚೆ ಕಾಣಿಸುತ್ತದೆ, ಅಥವಾ ಚರ್ಮವು ಗಡುಸಾಗಿ ಬಾಯಿಯೇ ತೆರೆಯದಂತೆ ಬಿಗಿದುಕೊಳ್ಳುತ್ತದೆ ಎಂಬುದು ಈ ಶ್ರಮದಿಂದ ಖಚಿತವಾಯಿತು. 1986ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಫಲಿತಾಂಶವು ಆಶಾದಾಯಕವಾದುದು: ಹೊಗೆಸೊಪ್ಪಿನ ಅಭ್ಯಾಸವಿದ್ದ ಮೂವತ್ತಾರು ಸಾವಿರ ಜನರಿಗೆ ತಿಳಿವಳಿಕೆ ಹೇಳಿದಾಗ ಕೆಲವರು ಚಟವನ್ನು ಬಿಟ್ಟರು, ಬಿಳಿಯ ಮಚ್ಚೆಗಳು ಹುಟ್ಟುವುದೂ ಕಡಿಮೆಯಾಯಿತು.

ಕರ್ನಾಟಕದಲ್ಲಿಯೂ ಈ ಕಾರ್ಯವು ಹಿಂದೆ ಬೀಳಲಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ಸ್ಥಾಪಿತವಾಯಿತು. 1982ರಿಂದ ಬೆಂಗಳೂರು ನಗರದಲ್ಲಿ ಪ್ರತಿಯೊಬ್ಬ ಕ್ಯಾನ್ಸರ್ ರೋಗಿಯನ್ನೂ ಎಣಿಸುವ ದಾಖಲೆಯ ವ್ಯವಸ್ಥೆಯು ಆರಂಭವಾಯಿತು. ಈ ದಾಖಲೆಯನ್ನು ಉಪಯೋಗಿಸಿ ಡಾಕ್ಟರ್ ನಂದಕುಮಾರರೂ ಅವರ ಸಂಗಡಿಗರೂ 348 ಬಾಯಿಯ ಕ್ಯಾನ್ಸರ್ ರೋಗಿಗಳನ್ನು ಅದೇ ಕೇರಿಯ, ಅದೇ ವಯಸ್ಸಿನ ಆರೋಗ್ಯವಂತರೊಡನೆ ಹೋಲಿಸಿ 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲೆಅಡಿಕೆಯೊಡನೆ ಹೊಗೆಸೊಪ್ಪನ್ನು ಜಗಿಯುವ ಹೆಂಗಸರಲ್ಲಿ ಅಪಾಯವು ಜಗಿಯದವರಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಹೆಚ್ಚಾಗಿತ್ತು. ವರ್ಷಗಳು ಹೆಚ್ಚಿದಂತೆ, ದಿನದ ಜಗಿತ ಹೆಚ್ಚಿದಂತೆ, ಬಾಯಲ್ಲಿಟ್ಟುಕೊಳ್ಳುವ ಹೊತ್ತು ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತಿತ್ತು. ಬೀಡಿ ಸಿಗರೇಟು ಗಂಡಸರ ದುರಭ್ಯಾಸ, ತಾಂಬೂಲವು ಮನೆಯ ಹೆಂಗಸರ ನಿರಪಾಯವಾದ ಸಂತೋಷ ಎಂಬ ನಮ್ಮ ರೂಢಿಯ ಭಾವನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕಾಗಿಲ್ಲ.

ಹೊಗೆಸೊಪ್ಪನ್ನು ಬಿಟ್ಟು ಬರಿಯ ಅಡಿಕೆಯನ್ನು ಜಗಿದರೆ ದೋಷವಿಲ್ಲವಷ್ಟೆ ಎಂದು ಕೇಳುವವರು ಉಂಟು. 1985ರವರೆಗೆ ಶಾಸ್ತ್ರಜ್ಞರು ಖಂಡಿತವಾಗಿ ಹೇಳಿದ್ದುದು ಹೊಗೆಸೊಪ್ಪು ಬೆರೆಸಿದ ತಾಂಬೂಲದ ವಿಷಯವನ್ನು ಮಾತ್ರ. ಆದರೆ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಎಲ್ಲ ಸಾಕ್ಷ್ಯಗಳನ್ನೂ ಪುನಃ ಪರಿಶೀಲಿಸಿ, 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರದಿಂದ ಜಗಿಯುವಾಗ ಹಾನಿಕರವಾದ ಪದಾರ್ಥಗಳು ಹುಟ್ಟುತ್ತವೆ. ಬಾಯಿಯನ್ನು ಬಿಗಿಸುವ ರೋಗಕ್ಕೂ ಅಡಿಕೆಯೇ ಮುಖ್ಯ ಕಾರಣ. ಅಡಿಕೆ ಬೆಳೆಗಾರರ ಸಂಘಗಳು ಈ ನಿರ್ಣಯವನ್ನು ಮನಃಪೂರ್ವಕವಾಗಿ ಒಪ್ಪಿಲ್ಲ. ಅವರ ಆತಂಕವನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಆದರೆ ಸಾಕ್ಷ್ಯವು ಬೆಳೆಗಾರರ ಕಷ್ಟವನ್ನು ನೋಡಿ ಬದಲಾಗುವಂತಹುದಲ್ಲ.

ಹಳೆಯ ತಾಂಬೂಲಕ್ಕೆ ಅಡಕತ್ತರಿ, ಸುಣ್ಣದ ಡಬ್ಬಿ, ಬಿಡುವು, ಇವೆಲ್ಲವೂ ಬೇಕಾಗಿದ್ದವು. ಹಲ್ಲಿಲ್ಲದ ಮುದುಕರಿಗಂತೂ ಕುಟ್ಟಾಣಿಯೇ ಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಂದ ಪಾನ್ ಮಸಾಲೆ, ಗುಟ್ಕಾಗಳ ಪೊಟ್ಟಣಗಳು ಈ ತಡೆಗಳನ್ನೆಲ್ಲ ತೆಗೆದುಹಾಕಿದವು. ಶಾಲೆಯ ಹುಡುಗನೂ ಜೇಬಿನಲ್ಲಿಟ್ಟುಕೊಳ್ಳುವಂತಾಯಿತು. ಆಹಾರದಲ್ಲಿ ಹೊಗೆಸೊಪ್ಪು ಸೇರಬಾರದೆಂಬ 2011ರ ನಿಯಮವನ್ನು ಆಧರಿಸಿ ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಮಾರುವವರು ಮಸಾಲೆಯನ್ನು ಒಂದು ಪೊಟ್ಟಣದಲ್ಲಿಯೂ ಹೊಗೆಸೊಪ್ಪನ್ನು ಇನ್ನೊಂದರಲ್ಲಿಯೂ ಕೊಡುವ ಉಪಾಯವನ್ನು ಕಂಡುಕೊಂಡರು. ಕಾಯಿದೆಯೊಂದರಿಂದಲೇ ಕೆಲಸವಾಗುವುದಿಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ.

ಇನ್ನು ಚಿಕಿತ್ಸೆಯ ವಿಷಯ. ಶಸ್ತ್ರ, ಕಿರಣ, ಔಷಧ, ಇವು ಮೂರು ಮಾರ್ಗಗಳು. ಶಸ್ತ್ರವು ಪುರಾತನವಾದುದು. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷಕಿರಣಗಳೂ 1898ರಲ್ಲಿ ಕ್ಯೂರಿ ದಂಪತಿಗಳು ಪತ್ತೆಹಚ್ಚಿದ ರೇಡಿಯಮ್ಮೂ ಎರಡನೆಯ ಮಾರ್ಗವನ್ನು ತೆರೆದವು. ಮೂರನೆಯದರಲ್ಲಿ ನಮ್ಮ ನೆರೆಯ ಆಂಧ್ರದ ಪುತ್ರರೊಬ್ಬರ ಪಾತ್ರವು ದೊಡ್ಡದು. ಭೀಮವರದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧಕರಾಗಿದ್ದ ಯಲ್ಲಾಪ್ರಗಡ ಸುಬ್ಬರಾಯರ ಪ್ರಯೋಗಶಾಲೆಯಿಂದ ಬಂದ ಔಷಧವನ್ನು ಉಪಯೋಗಿಸಿ, ಡಾಕ್ಟರ್ ಫಾರ್ಬರರು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಲ್ಲಿ ತಾತ್ಕಾಲಿಕವಾದ ಗುಣವನ್ನು 1948ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಸುಬ್ಬರಾಯರು ತೀರಿಕೊಂಡರು. ಆ ಔಷಧದ ವಂಶಕ್ಕೆ ಸೇರಿದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಬಾಯಿಯ ಕ್ಯಾನ್ಸರಿಗೆ ಸಂಬಂಧಿಸಿದ ಇತ್ತೀಚಿನ ಎರಡು ಸಂಶೋಧನೆಗಳು ನಮ್ಮ ದೇಶದಲ್ಲಿಯೇ ನಡೆದವೆಂಬುದು ಹೆಮ್ಮೆಯ ಸಂಗತಿ. ಬಾಯಿಯ ಗೆಡ್ಡೆಯು ಸಣ್ಣದಾಗಿದ್ದಾಗಲೂ ಅದರ ಬೀಜವು ಕಣ್ಣಿಗೆ ಕಾಣದಂತೆ ಕುತ್ತಿಗೆಯ ಗ್ರಂಥಿಗಳನ್ನು ಸೇರಿರಬಹುದು. ಆ ಗ್ರಂಥಿಗಳನ್ನು ಮೊದಲ ಶಸ್ತ್ರಕ್ರಿಯೆಯಲ್ಲಿಯೇ ತೆಗೆಯಬೇಕೆ, ಊದಿಕೊಂಡ ಮೇಲೆ ತೆಗೆದರೆ ಸಾಕೆ ಎಂಬುದು ದಶಕಗಳ ವಿವಾದ. ಟಾಟಾ ಸ್ಮಾರಕ ಆಸ್ಪತ್ರೆಯ ಡಾಕ್ಟರ್ ಡಿಕ್ರೂಜರೂ ಸಂಗಡಿಗರೂ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ ನೋಡಿ 2015ರಲ್ಲಿ ಉತ್ತರವನ್ನು ಕೊಟ್ಟರು: ಮೊದಲೇ ತೆಗೆದವರಲ್ಲಿ ಮೂರು ವರ್ಷಗಳ ತರುವಾಯ ಬದುಕಿದ್ದವರು ನೂರಕ್ಕೆ 80, ಕಾದು ನೋಡಿದವರಲ್ಲಿ 67.5. ಇದಕ್ಕೆ ಹೊಸ ಯಂತ್ರವಾಗಲಿ ದುಬಾರಿ ಔಷಧವಾಗಲಿ ಬೇಕಾಗಲಿಲ್ಲ.

ಎರಡನೆಯದು ಶಸ್ತ್ರಕ್ಕೆ ಮೀರಿದ ರೋಗಿಗಳ ವಿಷಯ. ದೇಹದಲ್ಲಿ ರೋಗವನ್ನು ಎದುರಿಸುವ ರಕ್ಷಕ ಕಣಗಳಿವೆ. ಕ್ಯಾನ್ಸರಿನ ಕಣಗಳು ಒಂದು ಬಗೆಯ ಸಂಕೇತವನ್ನು ತೋರಿಸಿ ಈ ರಕ್ಷಕರನ್ನು ಸುಮ್ಮನಾಗಿಸುತ್ತವೆ. ನಿವೋಲುಮಾಬ್ ಎಂಬ ಔಷಧವು ಆ ಸಂಕೇತವು ತಲುಪದಂತೆ ತಡೆಯುತ್ತದೆ. ಆದರೆ ಅದರ ಬೆಲೆಯು ಸಾಮಾನ್ಯರ ಕೈಗೆ ಎಟುಕದು. ಮುಂಬಯಿಯ ವೈದ್ಯರು ವಾಡಿಕೆಯ ಪ್ರಮಾಣದ ಹತ್ತರಲ್ಲೊಂದು ಪಾಲಿಗೂ ಕಡಿಮೆಯಾದ 20 ಮಿಲಿಗ್ರಾಂ ಅನ್ನು ಮೂರು ವಾರಕ್ಕೊಮ್ಮೆ ಕೊಟ್ಟು, ಜೊತೆಗೆ ಮೇಲೆ ಹೇಳಿದ ಮೆಥೊಟ್ರೆಕ್ಸೇಟ್ ಮೊದಲಾದ ಅಗ್ಗದ ಮಾತ್ರೆಗಳನ್ನು ಸೇರಿಸಿದರು. 2022ರಲ್ಲಿ ಅವರು ಪ್ರಕಟಿಸಿದಂತೆ, ಮಾತ್ರೆಗಳನ್ನು ಮಾತ್ರ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ ಸುಮಾರು 16. ಔಷಧವನ್ನೂ ಪಡೆದವರಲ್ಲಿ 43. ಇದು ಸಂಪೂರ್ಣವಾದ ಗುಣವಲ್ಲ. ಆದರೂ ಮಕ್ಕಳ ಪರೀಕ್ಷೆಯನ್ನೋ ಮಗಳ ಮದುವೆಯನ್ನೋ ನೋಡಿ ಹೋಗಬೇಕೆಂದಿರುವವರಿಗೆ ಒಂದು ವರ್ಷವು ಅಲ್ಪವಲ್ಲ.

ಬೆಂಗಳೂರಿನ ಒಂದು ಪ್ರಯತ್ನವನ್ನೂ ಇಲ್ಲಿ ಹೇಳಬೇಕು. ಗಂಟಲಿನ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವರಿಗೆ ಮಾತು ಬರಿಸುವ ಸಾಧನಗಳು ಪರದೇಶದಿಂದ ಬರುತ್ತಿದ್ದವು. ಅವುಗಳ ಬೆಲೆ ಸಾವಿರಾರು ರೂಪಾಯಿ. ಶಸ್ತ್ರವೈದ್ಯ ಡಾಕ್ಟರ್ ವಿಶಾಲ್ ರಾವ್ ಅವರು ಸ್ನೇಹಿತರೊಡಗೂಡಿ ಸುಮಾರು ಐವತ್ತು ರೂಪಾಯಿಗೆ ದೊರೆಯುವ ಸಾಧನವನ್ನು ನಿರ್ಮಿಸಿದರು. ಧ್ವನಿಯನ್ನೇ ನಂಬಿ ನಡೆಯುವ ಬಾನುಲಿಯ ಶ್ರೋತೃಗಳಿಗೆ ಇದರ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಇದ್ದರೂ ಹೊಸದುರ್ಗದ ಸೀಮೆಯ ರೈತನೊಬ್ಬನ ಸ್ಥಿತಿಯನ್ನು ಯೋಚಿಸಿರಿ. ಕೆನ್ನೆಯೊಳಗೆ ಒಂದು ಹುಣ್ಣು, ನೋವಿಲ್ಲ. ಉಷ್ಣವೆಂದು ಮಜ್ಜಿಗೆ ಕುಡಿಯುತ್ತಾನೆ. ಹಲ್ಲು ಚುಚ್ಚಿತೆಂದು ಹಲ್ಲು ಕೀಳಿಸುತ್ತಾನೆ. ಕೊಯ್ಲು ಮುಗಿಯಲಿ, ಸುಲಿದು ಬೇಯಿಸಿ ಒಣಗಿಸಿದ ಅಡಿಕೆಯು ಮಂಡಿಗೆ ಹೋಗಲಿ ಎಂದು ಮೂರು ತಿಂಗಳು ಕಳೆಯುತ್ತವೆ. ಕುತ್ತಿಗೆಯಲ್ಲಿ ಗಂಟು ಕಾಣಿಸಿದ ಮೇಲೆ ದಾವಣಗೆರೆಗೋ, ಚಿಕ್ಕಜಾಜೂರಿನ ಕೂಡುನಿಲ್ದಾಣದಲ್ಲಿ ರೈಲು ಹಿಡಿದು ಬೆಂಗಳೂರಿಗೋ ಹೊರಡುತ್ತಾನೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. ಕಿರಣಚಿಕಿತ್ಸೆಯು ಒಂದು ದಿನದ್ದಲ್ಲ, ವಾರಕ್ಕೆ ಐದು ದಿನದಂತೆ ಆರೇಳು ವಾರಗಳದು. ಜೊತೆಗೆ ಬಂದವರ ಊಟ, ವಸತಿ, ತಪ್ಪಿದ ಕೂಲಿ, ಇವು ಯಾವ ಆಸ್ಪತ್ರೆಯ ಲೆಕ್ಕದಲ್ಲಿಯೂ ಬರುವುದಿಲ್ಲ. 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಗಳ ಚಿಕಿತ್ಸೆಯ ವೆಚ್ಚವನ್ನು ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ವಹಿಸಿಕೊಂಡಿತು. 2025ರಲ್ಲಿ ರಾಜ್ಯದ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರಿನ ಔಷಧವನ್ನು ಹಗಲಿನಲ್ಲಿ ಕೊಟ್ಟು ಸಂಜೆಗೆ ಮನೆಗೆ ಕಳುಹಿಸುವ ಕೇಂದ್ರಗಳು ತೆರೆದವು. ಇವು ಸ್ವಾಗತಾರ್ಹವಾದ ಹೆಜ್ಜೆಗಳು. ಆದರೆ ತಡವಾಗಿ ಬಂದ ರೋಗಿಗೆ ಕಳೆದುಹೋದ ಮೂರು ತಿಂಗಳನ್ನು ಯಾವ ಯೋಜನೆಯೂ ಹಿಂದಿರುಗಿಸಲಾರದು.

ಇಲ್ಲಿಯೇ ಈ ರೋಗದ ಚರಿತ್ರೆಯಲ್ಲಿ ಅತ್ಯಂತ ಮುಖ್ಯವೆಂದು ನಾವು ಭಾವಿಸುವ ಸಂಶೋಧನೆಯು ಬರುತ್ತದೆ. 1990ರ ದಶಕದಲ್ಲಿ ತಿರುವನಂತಪುರದ ಸುತ್ತಲಿನ ಹದಿಮೂರು ಪಂಚಾಯಿತಿಗಳಲ್ಲಿ ಡಾಕ್ಟರ್ ಶಂಕರನಾರಾಯಣನ್ ಮೊದಲಾದವರು ಒಂದು ಪರೀಕ್ಷೆಯನ್ನು ಆರಂಭಿಸಿದರು. ಕೆಲವು ಪಂಚಾಯಿತಿಗಳಲ್ಲಿ, ವೈದ್ಯರಲ್ಲದೆ ಕೇವಲ ತರಬೇತು ಹೊಂದಿದ ಕಾರ್ಯಕರ್ತರು ಮನೆಮನೆಗೆ ಹೋಗಿ ಮೂವತ್ತೈದು ವರ್ಷ ಮೀರಿದವರ ಬಾಯನ್ನು ಬೆಳಕಿನಲ್ಲಿ ನೋಡಿದರು. ಸಂಶಯ ಕಂಡವರನ್ನು ವೈದ್ಯರಲ್ಲಿಗೆ ಕಳುಹಿಸಿದರು. ಉಳಿದ ಪಂಚಾಯಿತಿಗಳಲ್ಲಿ ಎಂದಿನಂತೆ ಬಿಟ್ಟರು. ಒಟ್ಟು ಸುಮಾರು 1 ಲಕ್ಷ 90 ಸಾವಿರ ಜನರು ಈ ಪರೀಕ್ಷೆಗೆ ಒಳಪಟ್ಟಿದ್ದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಮರಣವು ನೂರಕ್ಕೆ 34ರಷ್ಟು ಇಳಿಯಿತು. ಬೇಕಾದ ಉಪಕರಣವು ಒಂದು ದೀಪ, ಕಲಿತ ಕಣ್ಣು, ಮನೆಯ ಬಾಗಿಲಿಗೆ ಹೋಗುವ ಮನಸ್ಸು. 2016ರಲ್ಲಿ ಕೇಂದ್ರ ಸರ್ಕಾರವು ಮೂವತ್ತು ವರ್ಷ ಮೀರಿದವರ ಬಾಯಿಯನ್ನು ಪರೀಕ್ಷಿಸುವ ಕ್ರಮವನ್ನು ರೂಪಿಸಿತು. ಆ ಕ್ರಮವು ಹೊಳಲ್ಕೆರೆಯ ತೋಟದ ಮನೆಯನ್ನೂ ಹಿರಿಯೂರಿನ ಕೂಲಿಯವರ ಗುಡಿಸಲನ್ನೂ ತಪ್ಪದೆ ಮುಟ್ಟಿದರೆ, ಯಾವ ದುಬಾರಿ ಔಷಧವೂ ಮಾಡಲಾರದ ಉಪಕಾರವಾಗುತ್ತದೆ.

ಗುಣವಾಗದವರನ್ನೂ ನಾವು ಮರೆಯಬಾರದು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರಿನ ನೋವನ್ನು ಮೆಟ್ಟಿಲು ಮೆಟ್ಟಿಲಾಗಿ ಶಮನಮಾಡುವ ಕ್ರಮವನ್ನು ತಿಳಿಸಿತು; ತೀವ್ರವಾದ ನೋವಿಗೆ ಮಾರ್ಫೀನ್ ಅದರ ಮುಖ್ಯ ಔಷಧ. ಆದರೆ ನಮ್ಮಲ್ಲಿ 1985ರ ಮಾದಕವಸ್ತುಗಳ ಕಾಯಿದೆಯ ಕಠಿಣ ನಿಯಮಗಳಿಗೆ ಅಂಜಿ ಅನೇಕ ಆಸ್ಪತ್ರೆಗಳು ಮಾರ್ಫೀನನ್ನು ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯಿಂದ ಆ ತೊಡಕು ಸಡಿಲವಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಕರುಣಾಶ್ರಯವು ಕೊನೆಯ ದಿನಗಳಲ್ಲಿರುವ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಶುಶ್ರೂಷೆ ಮಾಡುತ್ತಿದೆ. ನೋವಿಲ್ಲದೆ ಕಣ್ಣು ಮುಚ್ಚುವುದು ಪಟ್ಟಣದವರಿಗೆ ಮಾತ್ರ ಸಲ್ಲುವ ಭಾಗ್ಯವಾಗಬಾರದು. ಇಂತಹ ಶುಶ್ರೂಷೆಯು ತಾಲ್ಲೂಕುಗಳವರೆಗೂ ಇಳಿದು ಬರಬೇಕು.

ಬೆಳೆಗಾರರ ಬಗೆಗೆ ಒಂದು ಮಾತು. ರೋಗದ ಸಾಕ್ಷ್ಯವನ್ನು ಹೇಳುವವರು ತೋಟದವರ ಶತ್ರುಗಳಲ್ಲ. ತೋಟವನ್ನು ಹಾಕಿದವನು ಒಳ್ಳೆಯ ನಂಬಿಕೆಯಿಂದ ಹಾಕಿದನು. ಸರ್ಕಾರಗಳೂ ಅವನನ್ನು ಪ್ರೋತ್ಸಾಹಿಸಿದವು. ಅಡಿಕೆಗೆ ಜಗಿತವಲ್ಲದ ಬೇರೆ ಉಪಯೋಗಗಳನ್ನು ಹುಡುಕುವುದೂ, ತೋಟದ ಆದಾಯವು ಒಂದೇ ಬೆಳೆಯ ಮೇಲೆ ನಿಲ್ಲದಂತೆ ನೋಡಿಕೊಳ್ಳುವುದೂ ಸಮಾಜದ ಹೊಣೆ. ಆದರೆ ಅಷ್ಟರವರೆಗೆ ಸತ್ಯವನ್ನು ಮರೆಮಾಚುವುದು ಮೊದಲು ತೋಟದ ಮನೆಯವರಿಗೇ ಅಪಕಾರ. ಏಕೆಂದರೆ ಜಗಿಯುವವರಲ್ಲಿ ಅವರೂ ಇದ್ದಾರೆ.

ಈ ಮಾತುಗಳನ್ನು ಕೇಳುತ್ತಿರುವ ಪಟ್ಟಣದ ವಿದ್ಯಾವಂತರಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಅಜ್ಜಿಯೋ ದೊಡ್ಡಪ್ಪನೋ ಇದ್ದಾರೆ. ಮನೆಗೆ ಕೆಲಸಕ್ಕೆ ಬರುವವರ ಬಾಯಲ್ಲಿಯೂ ಕಡ್ಡಿಪುಡಿಯು ಇರಬಹುದು. ಮೂರು ವಾರಗಳಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿ, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಯಾವುದು ಕಂಡರೂ ನೋವಿಲ್ಲವೆಂದು ಕಾಯದೆ ವೈದ್ಯರಿಗೆ ತೋರಿಸಬೇಕು. ಈ ಸಲ ಊರಿಗೆ ಹೋದಾಗ ಹಿರಿಯರ ಯೋಗಕ್ಷೇಮವನ್ನು ವಿಚಾರಿಸುವುದರ ಜೊತೆಗೆ, ಬೆಳಕಿಗೆ ಕರೆತಂದು, ಬಾಯಿ ತೆರೆಯಿರೆಂದು ಕೇಳಲು ಸಂಕೋಚಪಡಬೇಡಿರಿ. ನೂರಿಪ್ಪತ್ತು ವರ್ಷಗಳ ಸಂಶೋಧನೆಯು ನಮ್ಮಿಂದ ಬೇಡುವುದು ಮೊದಲಾಗಿ ಇಷ್ಟನ್ನೇ.